ತೂತು ಸಣ್ಣದು, ಕೊಡುವ ತುಂಡು ಅಷ್ಟೇ

ಪ್ರಶ್ನೆ: ನನಗೆ 31 ವರ್ಷ. ತವರು ಹಿಂಡಲಗಾ, ಕೊಟ್ಟ ಮನೆ ಖಾನಾಪುರ ತಾಲ್ಲೂಕು. ಅಣ್ಣನಿಗೆ ಸಿರೋಸಿಸ್ ಆಗಿ ಹೊಟ್ಟೆಯಲ್ಲಿ ಪದೇ ಪದೇ ನೀರು ತುಂಬುತ್ತಿದೆ. ಬೆಂಗಳೂರಿನ ವೈದ್ಯರು ಲಿವರ್ ಕಸಿಯೇ ದಾರಿ ಎಂದಿದ್ದಾರೆ. ನಮ್ಮಿಬ್ಬರದೂ ಒಂದೇ ರಕ್ತದ ಗುಂಪು, ನಾನು ಕೊಡಲು ತಯಾರಿದ್ದೇನೆ. ಅತ್ತೆ ಮಾತ್ರ ‘ಹೊಟ್ಟಿ ಅಷ್ಟುದ್ದ ಕೊಯ್ದ ಮ್ಯಾಲೆ ಗದ್ದಿ ಕೆಲಸ ಯಾರ ಮಾಡ್ತಾರವ್ವಾ’ ಅಂತಾರೆ. ಈಗ ಸಣ್ಣ ತೂತು ಹಾಕಿ ತೆಗೆಯುತ್ತಾರಂತಲ್ಲ, ಅದರಲ್ಲಿ ಅಪಾಯ ಇಲ್ಲವೇ?

ಉತ್ತರ: ಇದೆ, ತಂಗಿ. ತೂತು ಸಣ್ಣದಾದರೂ ಒಳಗೆ ಕತ್ತರಿಸುವ ಭಾಗ ಸಣ್ಣದಾಗುವುದಿಲ್ಲ. ವಯಸ್ಕ ಗಂಡಸಿಗೆ ಸಾಲಬೇಕೆಂದರೆ ಸಾಮಾನ್ಯವಾಗಿ ದಾನಿಯ ಲಿವರಿನ ಬಲಭಾಗವನ್ನು, ಅಂದರೆ ಸುಮಾರು ಶೇ 60ರಷ್ಟನ್ನು ತೆಗೆಯುತ್ತಾರೆ. ನಿಮ್ಮಲ್ಲಿ ಕನಿಷ್ಠ ಶೇ 30ರಿಂದ 35 ಉಳಿಯಲೇಬೇಕು. ಬಲಭಾಗ ಕೊಟ್ಟವರಲ್ಲಿ ಸಾವಿನ ಅಪಾಯವನ್ನು 200ರಿಂದ 500 ದಾನಿಗಳಿಗೆ ಒಬ್ಬರು ಎಂದು ಲೆಕ್ಕ ಹಾಕುತ್ತಾರೆ. ಸಂಖ್ಯೆ ಚಿಕ್ಕದೇ, ಆದರೆ ಇದು ಯಾವ ಕಾಯಿಲೆಯೂ ಇಲ್ಲದೆ ಆಪರೇಷನ್ನಿಗೆ ಮಲಗುವವರ ಲೆಕ್ಕ. ಪಿತ್ತರಸ ಸೋರುವುದು, ಸೋಂಕು ಇವು ಇನ್ನೂ ಹೆಚ್ಚು ಜನರಲ್ಲಿ ಕಾಣುತ್ತವೆ. ಬಹುಪಾಲು ಚಿಕಿತ್ಸೆಗೆ ಬಗ್ಗುತ್ತವೆ.

ಈ ತೂತಿನ ಪದ್ಧತಿಯ, ಅಂದರೆ ಲ್ಯಾಪ್ರೋಸ್ಕೋಪಿಯ, ಲಾಭವೆಲ್ಲ ಹೊಟ್ಟೆಯ ಗೋಡೆಗೆ. ಹಳೆಯ ಪದ್ಧತಿಯಲ್ಲಿ ಬಲ ಪಕ್ಕೆಲುಬಿನ ಕೆಳಗೆ ಸ್ನಾಯುವನ್ನು ಉದ್ದಕ್ಕೆ ಕೊಯ್ಯುವುದರಿಂದ ಕೆಮ್ಮಿದರೂ ನೋವು, ಮುಂದೆ ಅಲ್ಲೇ ಹರ್ನಿಯಾ ಭಯ. ಈಗ ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿ, ನಾಲ್ಕೈದು ತೂತುಗಳ ಮೂಲಕ ಲಿವರನ್ನು ಬೇರ್ಪಡಿಸುತ್ತಾರೆ. ಅಷ್ಟು ದೊಡ್ಡ ತುಂಡು ತೂತಿನಲ್ಲಿ ಬರುವುದಿಲ್ಲವಲ್ಲ! ಕಿಬ್ಬೊಟ್ಟೆಯಲ್ಲಿ, ಸಿಸೇರಿಯನ್ ಕೊಯ್ಯುವ ಜಾಗದಲ್ಲೇ, 8ರಿಂದ 10 ಸೆಂ.ಮೀ. ಕೊಯ್ದು ಚೀಲದಲ್ಲಿ ಹೊರತೆಗೆಯುತ್ತಾರೆ. ಸೀರೆಯ ನೆರಿಗೆಯ ಕೆಳಗೆ ಕಲೆ ಮುಚ್ಚಿಹೋಗುತ್ತದೆ.

2002ರಲ್ಲಿ ಫ್ರಾನ್ಸಿನ ಡೇನಿಯಲ್ ಶೆರ್ಕಿ ಅವರ ತಂಡ ಹೀಗೆ ದಾನಿಯಿಂದ ಲಿವರ್ ತೆಗೆದದ್ದನ್ನು ಮೊದಲು ವರದಿ ಮಾಡಿದಾಗ ಅದು ಮಕ್ಕಳಿಗೆ ಕೊಡುವ ಸಣ್ಣ ಎಡತುಂಡು. ಬಲಭಾಗದ ಕಷ್ಟವೇ ಬೇರೆ: ಪಿತ್ತನಾಳವನ್ನು ಎಲ್ಲಿ ಕತ್ತರಿಸಬೇಕು ಎಂಬುದು ಮಿಲಿಮೀಟರುಗಳ ಮಾತು, ಮತ್ತು ಆ ನಾಳದ ಕವಲುಗಳು ಎಲ್ಲರಲ್ಲೂ ಒಂದೇ ರೀತಿ ಇರುವುದಿಲ್ಲ. ನಿಮ್ಮ ಸಿಟಿ, ಎಂಆರ್‌ಐ ನೋಡಿದ ಮೇಲೆ ‘ನಿಮಗೆ ತೆರೆದೇ ಮಾಡುತ್ತೇವೆ’ ಎಂದರೆ ಬೇಸರಪಡಬೇಡಿ. ಕಲೆಯ ವಿಷಯ ಕೇಳುವ ಮೊದಲು ನಿಮ್ಮ ಆಸ್ಪತ್ರೆಯ ತಂಡ ಬಲಭಾಗವನ್ನು ಹೀಗೆ ಎಷ್ಟು ಸಲ ತೆಗೆದಿದೆ, ಎಷ್ಟು ಸಲ ನಡುವೆಯೇ ಹೊಟ್ಟೆ ತೆರೆಯಬೇಕಾಯಿತು ಎಂದು ಕೇಳಿ. ಅಗತ್ಯ ಬಿದ್ದಾಗ ತೆರೆಯುವುದು ಸೋಲಲ್ಲ; ತೆರೆಯಲು ಹಿಂಜರಿಯುವ ಸರ್ಜನ್ ಬಗ್ಗೆಯೇ ನನಗೆ ಹೆದರಿಕೆ.

ಅತ್ತೆಯವರಿಗೆ ಹೇಳಿ: ತೆಗೆದ ಬಲಭಾಗ ಮತ್ತೆ ಚಿಗುರುವುದಿಲ್ಲ, ಉಳಿದದ್ದೇ ಹಿಗ್ಗಿ ಮೂರು ತಿಂಗಳಲ್ಲಿ ಬಹುಮಟ್ಟಿಗೆ ಮೊದಲಿನ ಗಾತ್ರದ ಹತ್ತಿರ ಬರುತ್ತದೆ. ಆಸ್ಪತ್ರೆಯಲ್ಲಿ ಸುಮಾರು ಒಂದು ವಾರ. ತುಂಬಿದ ಕೊಡ, ಭತ್ತದ ಚೀಲ ಎತ್ತುವುದಕ್ಕೆ ಲ್ಯಾಪ್ರೋಸ್ಕೋಪಿಯಾದರೆ ಆರರಿಂದ ಎಂಟು ವಾರ, ತೆರೆದು ಮಾಡಿದರೆ ಮೂರು ತಿಂಗಳು ತಡೆಯಬೇಕು. ಈ ವರ್ಷದ ನಾಟಿಗೆ ನಿಮ್ಮನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಲೇಸು. ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ತಿಳಿಸಿ. ರಕ್ತ ಹೆಪ್ಪುಗಟ್ಟುವ ಅಪಾಯ ಇರುವುದರಿಂದ ಮೊದಲೇ ನಿಲ್ಲಿಸುತ್ತಾರೆ. ಮೈ ಭಾರವಿದ್ದು ಲಿವರಿನಲ್ಲಿ ಕೊಬ್ಬು ಕಂಡರೆ ತೂಕ ಇಳಿಸಿಕೊಂಡು ಬನ್ನಿ ಎನ್ನಬಹುದು.

ನೀವು ಕೇಳದ ಒಂದು ಮಾತು. ನಮ್ಮ ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಹೆಂಗಸರೇ ಹೆಚ್ಚು. ನಿಮಗೆ ಇನ್ನೊಬ್ಬ ಅಣ್ಣನೋ ತಮ್ಮನೋ ಇದ್ದರೆ ಅವರ ರಕ್ತ ಪರೀಕ್ಷೆಯೂ ಆಗಿದೆಯೇ? ವೈದ್ಯರು ನಿಮ್ಮನ್ನು ಒಬ್ಬರನ್ನೇ ಕೂರಿಸಿ ಮಾತಾಡಿಸಬೇಕು. ಆಗ ಮನಸ್ಸಿಲ್ಲ ಎಂದರೆ ‘ಹೊಂದುವುದಿಲ್ಲ’ ಎಂದಷ್ಟೇ ಮನೆಯವರಿಗೆ ತಿಳಿಸುವ ರೂಢಿ ಇದೆ. ಗಂಡನನ್ನೂ ಕರೆದು ವಿಚಾರಿಸಬಹುದು, ಒಪ್ಪಿಗೆ ಮಾತ್ರ ನಿಮ್ಮದು.

ಪ್ರಶ್ನೆ: ರೋಬೋಟ್ ತಾನೇ ಆಪರೇಷನ್ ಮಾಡುತ್ತದೆಯೇ? (ಬೆಳಗಾವಿ)

ಉತ್ತರ: ಇಲ್ಲ. ಅದೇ ಕೋಣೆಯಲ್ಲಿ ಕೂತ ಸರ್ಜನ್ ಕೈ ಆಡಿಸಿದಂತೆ ಅದರ ತೋಳು ಆಡುತ್ತದೆ. ಸಲಕರಣೆಯ ತುದಿ ಮಣಿಕಟ್ಟಿನಂತೆ ತಿರುಗುವುದರಿಂದ ಪಿತ್ತನಾಳಕ್ಕೆ ಹೊಲಿಗೆ ಹಾಕುವುದು ಸಲೀಸು. ಬಿಲ್ ಮಾತ್ರ ಸಲೀಸಲ್ಲ.

ಪ್ರಶ್ನೆ: ನಾನು ಚಂದಗಡ ತಾಲ್ಲೂಕಿನವನು. ಬೆಳಗಾವಿಯ ಮಾವನವರಿಗೆ ಅಳಿಯನಾದ ನಾನು ಲಿವರ್ ಕೊಡಬಹುದೇ?

ಉತ್ತರ: 1994ರ ಅಂಗಾಂಗ ಕಸಿ ಕಾಯ್ದೆಯ ಹತ್ತಿರದ ಬಂಧುಗಳ ಪಟ್ಟಿಯಲ್ಲಿ ಗಂಡ, ಹೆಂಡತಿ, ತಂದೆತಾಯಿ, ಮಕ್ಕಳು, ಒಡಹುಟ್ಟಿದವರು ಇದ್ದಾರೆ, 2011ರ ತಿದ್ದುಪಡಿಯಲ್ಲಿ ಅಜ್ಜಅಜ್ಜಿ, ಮೊಮ್ಮಕ್ಕಳು ಸೇರಿದರು. ಅಳಿಯನಿಗೆ ಜಾಗವಿಲ್ಲ. ಹಾಗೆಂದು ಬಾಗಿಲು ಮುಚ್ಚಿಲ್ಲ: ಹಣದ ವ್ಯವಹಾರವಿಲ್ಲ, ಪ್ರೀತಿಯಿಂದಲೇ ಕೊಡುತ್ತಿದ್ದೇನೆ ಎಂದು ಕಸಿಗೆ ಅನುಮತಿ ಕೊಡುವ ಅಧಿಕೃತ ಸಮಿತಿಯ ಮುಂದೆ ತೋರಿಸಬೇಕು. ನೀವು ಮಹಾರಾಷ್ಟ್ರದವರಾದ್ದರಿಂದ ತಹಶೀಲ್ದಾರರ ವಾಸ ದೃಢೀಕರಣವನ್ನೂ ಕೇಳುತ್ತಾರೆ, ಈಗಲೇ ಅರ್ಜಿ ಹಾಕಿ. ಇದು ನಡೆಯುತ್ತಿರುವಾಗಲೇ ಕಸಿ ಆಸ್ಪತ್ರೆಯ ಮೂಲಕ ಮಾವನವರ ಹೆಸರನ್ನು ಮೃತ ದಾನಿಗಳ ಅಂಗ ಹಂಚುವ ಕರ್ನಾಟಕದ ‘ಜೀವಸಾರ್ಥಕತೆ’ ಸಂಸ್ಥೆಯ ಕಾಯುವ ಪಟ್ಟಿಗೂ ಸೇರಿಸಿ.