ಜಾತ್ರೆ ವ್ಯಾಪಾರಕ್ಕೆ ಪಿಕಪ್ ವಾಹನದ ಆಯ್ಕೆ: ಮೊದಲು ತೂಕ, ಅನಂತರ ಎಂಜಿನ್

ಸಂತೆ ಮತ್ತು ಜಾತ್ರೆಗಳನ್ನೇ ನಂಬಿ ವ್ಯಾಪಾರ ಮಾಡುವ ವರ್ತಕರು ನಮ್ಮ ಧಾರವಾಡ ಜಿಲ್ಲೆಯಲ್ಲಿ ಇಂದಿಗೂ ಸಾಕಷ್ಟು ಸಂಖ್ಯೆಯಲ್ಲಿದ್ದಾರೆ. ಯಮನೂರಿನ ಜಾತ್ರೆ, ಸವದತ್ತಿ ಯಲ್ಲಮ್ಮನ ಗುಡ್ಡದ ಹುಣ್ಣಿಮೆಗಳು, ಬಾದಾಮಿ ಸಮೀಪದ ಬನಶಂಕರಿ ಜಾತ್ರೆ ಇವುಗಳಲ್ಲಿ ಅಂಗಡಿ ಹಾಕುವವರು ಒಂದೆರಡು ದಿನಗಳಲ್ಲಿ ಮರಳುವವರಲ್ಲ. ಬನದ ಹುಣ್ಣಿಮೆಗೆ ಆರಂಭವಾಗುವ ಬನಶಂಕರಿ ಜಾತ್ರೆಯಲ್ಲಂತೂ ವಾರಗಟ್ಟಲೆ ನಿಲ್ಲಬೇಕಾಗುತ್ತದೆ. ಹಗಲು ಮಾರಾಟ, ರಾತ್ರಿ ಸರಕಿನ ಕಾವಲು, ತಾಡಪತ್ರಿಯ ಕೆಳಗೆ ನಿದ್ದೆ ಎಂಬುದು ಹಿಂದಿನಿಂದ ಬಂದ ಕ್ರಮ. ಈಚಿನ ವರ್ಷಗಳಲ್ಲಿ ಕೆಲವರು ಪಿಕಪ್ ವಾಹನದ ಹಿಂಭಾಗದಲ್ಲಿ ಒಂದು ಕೋಣೆಯನ್ನೇ ಕಟ್ಟಿಸಿ, ಅದರಲ್ಲಿಯೇ ಸರಕು, ಒಲೆ, ಹಾಸಿಗೆಗಳನ್ನು ಇರಿಸಿಕೊಂಡು ಹೊರಡುತ್ತಿದ್ದಾರೆ. ಇಂತಹ ಕೋಣೆಗೆ ಯಾವ ವಾಹನ ಯೋಗ್ಯ, ಪೆಟ್ರೋಲ್ ಎಂಜಿನ್ ಸಾಕಾದೀತೇ ಎಂಬ ಪ್ರಶ್ನೆಯನ್ನು ಅನೇಕ ವರ್ತಕ ಬಂಧುಗಳು ಕೇಳುತ್ತಿರುವುದರಿಂದ ಈ ಲೇಖನ.

ಪ್ರಶ್ನೆಗೆ ಉತ್ತರ ಕೊಡುವ ಮುನ್ನ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ತಿರ್ಲಾಪುರದ ನನ್ನ ಸೋದರಮಾವನ ಮಗ ಜಮಖಾನೆ ಹಾಗೂ ಹೊದಿಕೆಗಳ ವ್ಯಾಪಾರಿ. ಕೆಲವು ವರ್ಷಗಳ ಹಿಂದೆ ಆತ ಮುಕ್ಕಾಲು ಟನ್ ಭಾರದ ಒಂದು ಚಿಕ್ಕ ಪೆಟ್ರೋಲ್ ವಾಹನವನ್ನು ಕೊಂಡು, ಅದರ ಮೇಲೆ ಕೋಣೆ ಕಟ್ಟಿಕೊಡಲು ನನ್ನ ವೆಲ್ಡಿಂಗ್ ಶೆಡ್ಡಿಗೆ ತಂದನು. ಗಟ್ಟಿಯಾಗಿರಲೆಂದು ನಾನು ಕಬ್ಬಿಣದ ಆಂಗಲ್ ಮತ್ತು ತಗಡಿನಿಂದಲೇ ಕಟ್ಟಿದೆ. ಕೆಲಸ ಗಟ್ಟಿಯಾಗಿಯೇ ಆಗಿತ್ತು. ತೂಕವನ್ನು ಮಾತ್ರ ಆತನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮರುವರ್ಷದ ಜಾತ್ರೆಗೆ ಹೊರಟಾಗ ನರಗುಂದ ದಾಟಿದ ಮೇಲೆ ಹಿಂದಿನ ಎಡಗಡೆಯ ಟಾಯರು ಒಡೆದು, ಪಾಟಾದ ಎರಡು ಪಟ್ಟಿಗಳು ಮುರಿದು, ಗಾಡಿ ರಸ್ತೆಯ ಬದಿಯ ಎರೆಹೊಲಕ್ಕೆ ಇಳಿದು ವಾಲಿ ನಿಂತಿತು. ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ಕೋಣೆಯನ್ನು ನೋಂದಣಿ ಪುಸ್ತಕದಲ್ಲಿ ನಮೂದಿಸಿರಲಿಲ್ಲವಾದ್ದರಿಂದ ವಿಮೆಯ ಹಣ ಬರಲಿಲ್ಲ. ಆ ವರ್ಷದ ಜಾತ್ರೆಯೂ ಕೈತಪ್ಪಿತು. ಲೆಕ್ಕವನ್ನು ನಾನು ಹಾಕಿದ್ದು ಆಮೇಲೆ. ಮೊದಲೇ ಹಾಕಬೇಕಾಗಿದ್ದ ಲೆಕ್ಕವನ್ನೇ ಇಲ್ಲಿ ಕೊಡುತ್ತಿದ್ದೇನೆ.

ಉದ್ದ 2.4 ಮೀಟರ್, ಅಗಲ 1.6 ಮೀಟರ್, ಎತ್ತರ 1.8 ಮೀಟರ್ ಇರುವ ಕೋಣೆಯೊಂದನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ನಾಲ್ಕು ಗೋಡೆ ಮತ್ತು ಛಾವಣಿ ಸೇರಿ ಒಟ್ಟು ವಿಸ್ತೀರ್ಣ 18.24 ಚದರ ಮೀಟರ್. ಒಂದು ಮಿಲಿಮೀಟರ್ ದಪ್ಪದ ಕಬ್ಬಿಣದ ತಗಡು ಚದರ ಮೀಟರಿಗೆ 7.85 ಕಿಲೋ ತೂಗುತ್ತದೆ. 1.2 ಮಿ.ಮೀ. ತಗಡು ಬಳಸಿದರೆ 172 ಕಿಲೋ ಆಯಿತು. ಚೌಕಟ್ಟಿಗೆ ಅಡ್ಡಪಟ್ಟಿಗಳೂ ಸೇರಿ ಸುಮಾರು 36 ಮೀಟರ್ ಆಂಗಲ್ ಬೇಕು. 40×40×5 ಅಳತೆಯ ಆಂಗಲ್ ಮೀಟರಿಗೆ 3 ಕಿಲೋ, ಅಂದರೆ 108 ಕಿಲೋ. ನೆಲಕ್ಕೆ 12 ಮಿ.ಮೀ. ಪ್ಲೈವುಡ್ ಸುಮಾರು 31 ಕಿಲೋ. ಬರಿಯ ಕೋಣೆಯೇ 311 ಕಿಲೋ ಆಯಿತು. ಬಾಗಿಲು ಮತ್ತು ಮಾಡಗಳಿಗೆ 60, ನೂರು ಲೀಟರ್ ನೀರಿಗೆ 100, ದೀಪ ಹಾಗೂ ಫ್ಯಾನಿಗಾಗಿ ಇನ್ವರ್ಟರ್ ಬ್ಯಾಟರಿ 55, ಒಲೆ ಮತ್ತು ಸಿಲಿಂಡರ್ 50, ಹಾಸಿಗೆ ಪಾತ್ರೆ ಪದಾರ್ಥ 40, ಇಬ್ಬರು ಮನುಷ್ಯರು 140. ಎಲ್ಲವನ್ನೂ ಕೂಡಿಸಿದರೆ 756 ಕಿಲೋ. ಮುಕ್ಕಾಲು ಟನ್ನಿನ ವಾಹನದ ಶಕ್ತಿ ಇಲ್ಲಿಗೇ ಮುಗಿಯಿತು. ಮಾರಾಟದ ಒಂದು ಜಮಖಾನೆಯನ್ನೂ ಇನ್ನೂ ಏರಿಸಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ನನ್ನ ಬಂಧು ಇದರ ಮೇಲೆ ಆರು ಕ್ವಿಂಟಲ್ ಸರಕು ಹೇರಿದ್ದನು. ಒಟ್ಟು ಹದಿಮೂರೂವರೆ ಕ್ವಿಂಟಲ್! ಟಾಯರು ಅಷ್ಟು ದೂರ ಬಂದದ್ದೇ ಹೆಚ್ಚು.

ವಾಹನದ ಭಾರಶಕ್ತಿಯನ್ನು ಜಾಹೀರಾತಿನ ಹಾಳೆಯಲ್ಲಿ ನೋಡುವುದಕ್ಕಿಂತ ನೋಂದಣಿ ಪುಸ್ತಕದಲ್ಲಿ ನೋಡುವುದು ಮೇಲು. ಅದರಲ್ಲಿ ಒಟ್ಟು ತೂಕ ಮತ್ತು ಖಾಲಿ ತೂಕ ಎಂಬ ಎರಡು ಅಂಕಿಗಳಿರುತ್ತವೆ. ಇವುಗಳ ವ್ಯತ್ಯಾಸದಲ್ಲಿಯೇ ಕೋಣೆ, ಸರಕು, ನೀರು, ಮನುಷ್ಯರು ಎಲ್ಲವೂ ಅಡಗಬೇಕು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಮಿತಿಮೀರಿದ ಭಾರಕ್ಕೆ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಹೆಚ್ಚಿನ ಸರಕನ್ನು ಅಲ್ಲಿಯೇ ಇಳಿಸುವ ಖರ್ಚೂ ನಮ್ಮದೇ.

ಇನ್ನು ಪೆಟ್ರೋಲ್ ಎಂಜಿನ್ನಿನ ವಿಚಾರ. ಟ್ರಕ್ಕಿನ ಮೇಲೆ ಮನೆಯನ್ನು ಹೊತ್ತು ತಿರುಗುವ ಪದ್ಧತಿ ಹೆಚ್ಚಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ ಗ್ಯಾಸ್ ಎಂದರೆ ಪೆಟ್ರೋಲ್. ನಮ್ಮಲ್ಲಿ ಗ್ಯಾಸ್ ಗಾಡಿ ಎಂದರೆ ಸಿಎನ್‌ಜಿ ಅಥವಾ ಎಲ್‌ಪಿಜಿ. (ಕ್ಯಾಂಪರ್ ಎಂಬ ಶಬ್ದವೂ ಹಾಗೆಯೇ. ನಮ್ಮ ಕಡೆ ಯಾರನ್ನು ಕೇಳಿದರೂ ಮಹೀಂದ್ರಾ ಕಂಪನಿಯ ಎರಡು ಸಾಲು ಆಸನಗಳ ಬೊಲೆರೊ ಕ್ಯಾಂಪರ್ ಗಾಡಿಯನ್ನು ತೋರಿಸುತ್ತಾರೆ.) ಫೋರ್ಡ್ ಕಂಪನಿಯ ಎಫ್-250ರಂತಹ ಭಾರಿ ಪಿಕಪ್‌ಗಳಲ್ಲಿ 2020ರ ಮಾದರಿಯಿಂದ 7.3 ಲೀಟರ್ ಪೆಟ್ರೋಲ್ ಎಂಜಿನ್ನೂ, ಅದರ ಜೊತೆಗೆ 6.7 ಲೀಟರ್ ಡೀಸೆಲ್ ಎಂಜಿನ್ನೂ ದೊರೆಯುತ್ತವೆ. ಎಳೆಯುವ ಶಕ್ತಿ ಡೀಸೆಲ್‌ಗೆ ಹೆಚ್ಚು. ಆದರೂ ಬೆನ್ನ ಮೇಲೆ ಮನೆ ಹೊರಿಸುವವರಲ್ಲಿ ಅನೇಕರು ಪೆಟ್ರೋಲನ್ನೇ ಆಯುತ್ತಾರೆ. ಕಾರಣವಿಷ್ಟೆ: ಡೀಸೆಲ್ ಎಂಜಿನ್ ತಾನೇ ಹೆಚ್ಚು ತೂಕದ್ದು. ವಾಹನದ ಒಟ್ಟು ತೂಕದ ಮಿತಿ ಒಂದೇ ಆಗಿದ್ದಾಗ ಎಂಜಿನ್ನಿನ ಹೆಚ್ಚುವರಿ ತೂಕ ಸರಕಿನ ಪಾಲಿನಿಂದಲೇ ಕಡಿತವಾಗುತ್ತದೆ. ಹಿಂದೆ ಗಾಡಿ ಕಟ್ಟಿ ಎಳೆಯುವವನಿಗೆ ಡೀಸೆಲ್, ಮೇಲೆ ಹೇರಿಕೊಳ್ಳುವವನಿಗೆ ಪೆಟ್ರೋಲ್ ಎಂಬುದು ಅವರ ಲೆಕ್ಕಾಚಾರ.

ಈ ತತ್ತ್ವ ನಮ್ಮ ಚಿಕ್ಕ ವಾಹನಗಳಿಗೂ ಅನ್ವಯಿಸುತ್ತದೆ, ಸಿಎನ್‌ಜಿಯ ಸಂದರ್ಭದಲ್ಲಿ ಇನ್ನೂ ಸ್ಪಷ್ಟವಾಗಿ. ಮಾರುತಿ ಸುಜುಕಿಯ ಸೂಪರ್ ಕ್ಯಾರಿ ವಾಹನದ ಪೆಟ್ರೋಲ್ ಮಾದರಿಗೆ ಕಂಪನಿಯು ಪ್ರಕಟಿಸಿದ ಭಾರಶಕ್ತಿ 740 ಕಿಲೋ, ಸಿಎನ್‌ಜಿ ಮಾದರಿಗೆ 625 ಕಿಲೋ. ಉಕ್ಕಿನ ಅನಿಲ ಸಿಲಿಂಡರಿನ ಸಲುವಾಗಿ ವರ್ತಕನು 115 ಕಿಲೋ ಸರಕನ್ನು ಪ್ರತಿ ಪ್ರಯಾಣದಲ್ಲಿಯೂ ಬಿಟ್ಟು ಹೋಗಬೇಕಾಗುತ್ತದೆ. ಟಾಟಾ ಇಂಟ್ರಾ ವಿ-20 ಎಂಬ, 2022ರಲ್ಲಿ ಬಂದ ಪೆಟ್ರೋಲ್ ಮತ್ತು ಸಿಎನ್‌ಜಿ ಎರಡರಲ್ಲಿಯೂ ಓಡುವ ಪಿಕಪ್ ಒಂದು ಟನ್ ಹೊರುತ್ತದೆ. ಅದಕ್ಕಿಂತ ಹೆಚ್ಚಿನ ಭಾರದ ಪಿಕಪ್‌ಗಳಲ್ಲಿ ನಮ್ಮ ಮಾರುಕಟ್ಟೆ ಬಹುತೇಕ ಡೀಸೆಲ್‌ನದೇ. ಕೆಲವು ಸಿಎನ್‌ಜಿ ಮಾದರಿಗಳೂ ಇವೆ. ಆದಕಾರಣ ಅಮೆರಿಕದವರಂತೆ ಒಂದೇ ಗಾಡಿಯಲ್ಲಿ ಎರಡು ಎಂಜಿನ್‌ಗಳ ನಡುವೆ ಆಯ್ಕೆ ಮಾಡುವ ಅನುಕೂಲ ನಮಗೆ ಕಡಿಮೆ. ಭಾರದ ವರ್ಗವನ್ನು ಮೊದಲು ನಿಶ್ಚಯಿಸಿದರೆ ಇಂಧನ ತಾನಾಗಿಯೇ ಅರ್ಧ ನಿಶ್ಚಯವಾಗುತ್ತದೆ.

ಪೆಟ್ರೋಲ್ ದುಬಾರಿ ಎಂಬ ಆಕ್ಷೇಪ ಬರುವುದು ಸಹಜ. ಅದನ್ನೂ ಲೆಕ್ಕ ಹಾಕಿಯೇ ನೋಡಬೇಕು. ಲೀಟರಿಗೆ ಪೆಟ್ರೋಲ್ 103 ರೂಪಾಯಿ, ಡೀಸೆಲ್ 91 ರೂಪಾಯಿ ಎಂದೂ, ಭಾರ ಹೊತ್ತ ಗಾಡಿ ಪೆಟ್ರೋಲ್‌ನಲ್ಲಿ 12, ಡೀಸೆಲ್‌ನಲ್ಲಿ 16 ಕಿಲೋಮೀಟರ್ ಕೊಡುತ್ತದೆಂದೂ ಇಟ್ಟುಕೊಳ್ಳೋಣ. ಕಿಲೋಮೀಟರಿಗೆ ಪೆಟ್ರೋಲ್ ಖರ್ಚು 8.58 ರೂಪಾಯಿ, ಡೀಸೆಲ್ ಖರ್ಚು 5.69 ರೂಪಾಯಿ. ಅಂತರ ಸುಮಾರು 2.90. ಡೀಸೆಲ್ ಗಾಡಿಯ ಬೆಲೆ 90,000 ರೂಪಾಯಿ ಹೆಚ್ಚಾಗಿದ್ದರೆ, ಆ ಹಣ ಮರಳಲು 31,000 ಕಿಲೋಮೀಟರ್ ಓಡಬೇಕು. ಬಡ್ಡಿ ಬೇರೆ. ದಿನವೂ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಕಾಳುಕಡಿ ಸಾಗಿಸುವವನಿಗೆ ಇದು ಒಂದೂವರೆ ವರ್ಷದ ಮಾತು, ಆತ ಡೀಸೆಲ್ ಬಿಟ್ಟು ಬೇರೆ ಯೋಚಿಸಬೇಕಾಗಿಲ್ಲ. ಜಾತ್ರೆಯ ವರ್ತಕನ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ವರ್ಷಕ್ಕೆ 6,000 ಕಿಲೋಮೀಟರ್ ಓಡಿದರೆ ಐದು ವರ್ಷ ಕಳೆದರೂ ಆತನ ಹಣ ಹುಟ್ಟುವುದಿಲ್ಲ. ಇಂಧನದ ದರ ಬದಲಾದಂತೆ ಓದುಗರು ತಮ್ಮ ಅಂಕಿಗಳನ್ನು ಹಾಕಿಕೊಳ್ಳಬಹುದು, ಕ್ರಮ ಇದೇ. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ನಿಯಮದ ಅನೇಕ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಶೋಧಕವಿದೆ ಎಂಬುದನ್ನೂ ಮರೆಯಬಾರದು. ದೀರ್ಘ ಓಟದ ಬಿಸಿಯಲ್ಲಿ ಅದು ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳುತ್ತದೆ. ಸಂತೆಯಿಂದ ಸಂತೆಗೆ ನಾಲ್ಕಾರು ಮೈಲಿ ಓಡಿ ನಿಲ್ಲುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುವ ಸಂಭವ ಹೆಚ್ಚು.

ಪೆಟ್ರೋಲ್ ಗಾಡಿಯನ್ನು ಕೊಂಡವರು ಅದನ್ನು ಡೀಸೆಲ್ ಗಾಡಿಯಂತೆ ಓಡಿಸಬಾರದು. ಡೀಸೆಲ್ ಕಡಿಮೆ ಸುತ್ತಿನಲ್ಲಿಯೇ ಎಳೆಯುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಏರಿನಲ್ಲಿ ಗೇರು ಇಳಿಸಿ, ಸುತ್ತು ಏರಲು ಬಿಡಬೇಕು. ನವಲಗುಂದದ ಬಯಲಿನಲ್ಲಿ ಇದು ತಿಳಿಯುವುದಿಲ್ಲ. ಯಲ್ಲಮ್ಮನ ಗುಡ್ಡವನ್ನು ತುಂಬಿದ ಗಾಡಿಯಲ್ಲಿ ಹತ್ತುವಾಗ ತಿಳಿಯುತ್ತದೆ.

ವಾಹನ ಯಾವುದಾದರೂ ಭಾರದ ಹಂಚಿಕೆಯಲ್ಲಿ ತಪ್ಪಿದರೆ ಅಪಾಯ ತಪ್ಪದು. ಎರಡು ಅಚ್ಚುಗಳ ನಡುವಣ ಅಂತರ 2.5 ಮೀಟರ್ ಇರುವ ಗಾಡಿಯಲ್ಲಿ, ಹಿಂದಿನ ಅಚ್ಚಿಗಿಂತ ಅರ್ಧ ಮೀಟರ್ ಹಿಂದಕ್ಕೆ ನೂರು ಕಿಲೋ ಇಟ್ಟರೆ ಹಿಂದಿನ ಅಚ್ಚಿನ ಮೇಲೆ ಬೀಳುವುದು 120 ಕಿಲೋ. ಹೆಚ್ಚಿನ ಇಪ್ಪತ್ತು ಎಲ್ಲಿಂದ ಬಂತು? ಮುಂದಿನ ಅಚ್ಚಿನಿಂದ ಎತ್ತಿಕೊಂಡದ್ದು. ಮುಂದಿನ ಗಾಲಿ ಹಗುರಾದರೆ ಸ್ಟೇರಿಂಗ್ ಹಿಡಿತ ತಪ್ಪುತ್ತದೆ, ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ. ನೀರಿನ ಟ್ಯಾಂಕು ಹಾಗೂ ಬ್ಯಾಟರಿಗಳನ್ನು ಚಾಲಕನ ಬೆನ್ನ ಹಿಂದೆ, ನೆಲಕ್ಕೆ ತಾಗಿದಂತೆ ಇಡುವುದು ಸರಿ. ನಾನು ಮಾರಲು ಅನುಕೂಲವಾಗಲೆಂದು ಬಾಗಿಲನ್ನು ಮುಂದೆ ಇಟ್ಟು ಟ್ಯಾಂಕನ್ನು ಹಿಂದಿನ ತುದಿಗೆ ಕೂರಿಸಿದ್ದೆ. ಹಿಂದಿನ ಟಾಯರು ಒಡೆಯಲು ಅದೂ ಒಂದು ಕಾರಣವೆಂದು ಈಗ ತಿಳಿಯುತ್ತದೆ. ಟಾಯರಿನ ಬದಿಯಲ್ಲಿ ಬರೆದಿರುವ ಭಾರದ ಸಂಖ್ಯೆಯನ್ನೂ ಓದಿಕೊಳ್ಳಬೇಕು: 88 ಎಂದಿದ್ದರೆ ಒಂದು ಟಾಯರು 560 ಕಿಲೋ, 100 ಎಂದಿದ್ದರೆ 800 ಕಿಲೋ ತಾಳುತ್ತದೆ. ಪಾಟಾಕ್ಕೆ ಒಂದೆರಡು ಪಟ್ಟಿ ಹೆಚ್ಚಿಗೆ ಹಾಕಿಸಿದರೆ ಭಾರಶಕ್ತಿ ಹೆಚ್ಚಿತೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಟಾಯರು, ಬ್ರೇಕು, ಅಚ್ಚುಗಳು ಹಿಂದಿನವೇ ಆಗಿರುವಾಗ ಇದು ಬರಿಯ ಭ್ರಮೆ.

ಕಾನೂನಿನ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ನೋಂದಣಿಯ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೋಣೆಯ ನಕ್ಷೆಯೊಡನೆ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಮೊದಲೇ ಕಂಡು, ಅನುಮತಿ ಪಡೆದು, ಹೊಸ ಖಾಲಿ ತೂಕವನ್ನು ಪುಸ್ತಕದಲ್ಲಿ ನಮೂದಿಸಿಕೊಂಡು, ಅದೇ ವಿವರವನ್ನು ವಿಮಾ ಪತ್ರದಲ್ಲಿಯೂ ಬರೆಸಬೇಕು. ಈ ಗಾಡಿಗಳ ಒಟ್ಟು ತೂಕ 7,500 ಕಿಲೋಗಿಂತ ಬಹಳ ಕಡಿಮೆ ಇರುವುದರಿಂದ ಲಘು ವಾಹನದ ಲೈಸೆನ್ಸ್ ಸಾಕಾಗುತ್ತದೆ. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಇದನ್ನು ಎತ್ತಿಹಿಡಿದಿದೆ.

ಒಳಗೆ ಮಲಗುವವರು ಅನಿಲದ ಬಗ್ಗೆ ಎಚ್ಚರದಿಂದಿರಬೇಕು. ಅಡುಗೆಯ ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡಿ ಹಾಸಿಗೆಯ ಕೆಳಗೆ ನಿಲ್ಲುತ್ತದೆ. ಸಿಎನ್‌ಜಿ ಹಗುರ, ಮೇಲಕ್ಕೆ ಏರುತ್ತದೆ. ಆದ್ದರಿಂದ ಗಾಳಿಕಿಂಡಿ ಮೇಲೊಂದು, ನೆಲಮಟ್ಟದಲ್ಲಿ ಒಂದು, ಎರಡೂ ಬೇಕು. ಒಲೆ ಹೊತ್ತಿಸಿ ಬಾಗಿಲು ಹಾಕಿಕೊಂಡು ಮಲಗುವುದು ಚಳಿಗಾಲದ ಬನಶಂಕರಿ ಜಾತ್ರೆಯಲ್ಲಿ ಎಷ್ಟೇ ಹಿತವೆನಿಸಿದರೂ ಪ್ರಾಣಕ್ಕೆ ಎರವು. ಮನೆಯ ಸಿಲಿಂಡರಿನಿಂದ ಗಾಡಿಯ ಎಂಜಿನ್ ಓಡಿಸುವುದು ಅಪರಾಧವೂ ಹೌದು, ಅಪಾಯವೂ ಹೌದು.

ನನ್ನ ಬಂಧು ಈಗ ಒಂದು ಟನ್ನಿನ, ಪೆಟ್ರೋಲ್ ಹಾಗೂ ಸಿಎನ್‌ಜಿ ಎರಡರಲ್ಲಿಯೂ ಓಡುವ ಪಿಕಪ್ ಕೊಂಡಿದ್ದಾನೆ. ಹುಬ್ಬಳ್ಳಿಯಲ್ಲಿ ಸಿಎನ್‌ಜಿ ತುಂಬಿಸಿ ಹೊರಡುತ್ತಾನೆ, ಮುಂದೆ ಪೆಟ್ರೋಲ್. ಹಳೆಯ ಅಳತೆಯಲ್ಲಿಯೇ ಹೊಸ ಕೋಣೆಯನ್ನು ನಾನು ಕೂಲಿ ತೆಗೆದುಕೊಳ್ಳದೆ ಕಟ್ಟಿಕೊಟ್ಟೆ. ಆಂಗಲ್ ಬದಲು 40×40×2 ಅಳತೆಯ ಚೌಕ ಪೈಪು 83 ಕಿಲೋ, ಕಬ್ಬಿಣದ ಬದಲು 1.5 ಮಿ.ಮೀ. ಅಲ್ಯುಮಿನಿಯಂ ತಗಡು 74 ಕಿಲೋ, ನೆಲ 31 ಕಿಲೋ, ಒಟ್ಟು 188. ಕಬ್ಬಿಣ ಮತ್ತು ಅಲ್ಯುಮಿನಿಯಂ ನೇರವಾಗಿ ತಾಗಿದರೆ ಮಳೆಗಾಲದಲ್ಲಿ ಸವೆತ ಹಿಡಿಯುವುದರಿಂದ ನಡುವೆ ರಬ್ಬರ್ ಪಟ್ಟಿ ಕೊಟ್ಟಿದ್ದೇನೆ. ನೀರನ್ನು 40 ಲೀಟರಿಗೆ, ಬ್ಯಾಟರಿಯನ್ನು 30 ಕಿಲೋಗೆ, ಬಾಗಿಲು ಮಾಡಗಳನ್ನು 40ಕ್ಕೆ ಇಳಿಸಿದೆವು. ಮನುಷ್ಯರು, ಒಲೆ, ಹಾಸಿಗೆ ಸೇರಿ ಈಗ 528 ಕಿಲೋ. ಸರಕಿಗೆ 472 ಕಿಲೋ ಉಳಿಯುತ್ತದೆ. ಆರು ಕ್ವಿಂಟಲ್ ಒಯ್ಯುವ ಹಳೆಯ ಚಟ ಬಿಡಲು ಆತನಿಗೆ ಕಷ್ಟವಾಯಿತು. ಉಳಿದ ಗಂಟುಗಳನ್ನು ಜಾತ್ರೆಯ ನಡುವೆ ಒಮ್ಮೆ ಊರಿಗೆ ಬಂದು ಒಯ್ಯುತ್ತಾನೆ. ಹೊರಡುವ ಮುನ್ನ ತೂಕದ ಕಟ್ಟೆಯ ಮೇಲೆ ಮೊದಲು ಮುಂದಿನ ಗಾಲಿ, ಅನಂತರ ಹಿಂದಿನ ಗಾಲಿ ಎಂದು ಎರಡು ಸಲ ತೂಗಿಸಿ, ಆ ಎರಡು ಚೀಟಿಗಳನ್ನು ನನಗೆ ತೋರಿಸಿಯೇ ಹೋಗುತ್ತಾನೆ.