ಪರದೇಶದ ವಿದ್ಯಾರ್ಥಿಜೀವನ ಮತ್ತು ಕನ್ನಡ ಬರವಣಿಗೆ

ಆಧುನಿಕ ಕನ್ನಡದ ಹಲವು ಮುಖ್ಯ ಲೇಖಕರು ಉನ್ನತ ವ್ಯಾಸಂಗಕ್ಕಾಗಿ ಪರದೇಶಗಳಿಗೆ ಹೋಗಿಬಂದವರು. ವಿ. ಕೃ. ಗೋಕಾಕರು 1930ರ ದಶಕದಲ್ಲಿ ಆಕ್ಸ್‌ಫರ್ಡಿನಲ್ಲಿ ಓದಿದರು. ಎ. ಕೆ. ರಾಮಾನುಜನ್ 1959ರಲ್ಲಿ ಅಮೆರಿಕೆಗೆ ತೆರಳಿ ಇಂಡಿಯಾನಾ ವಿಶ್ವವಿದ್ಯಾಲಯವನ್ನು ಸೇರಿದರು. ಯು. ಆರ್. ಅನಂತಮೂರ್ತಿ 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ಹೋದರು. ಇಂತಹ ವ್ಯಾಸಂಗದಿಂದ ಕನ್ನಡಕ್ಕೆ ದಕ್ಕಿದ್ದೇನು ಎಂಬ ಪ್ರಶ್ನೆಗೆ ವಿಮರ್ಶೆ ಸಾಮಾನ್ಯವಾಗಿ ಕೊಡುವ ಉತ್ತರ ‘ಪಾಶ್ಚಾತ್ಯ ಪ್ರಭಾವ’ ಎಂಬುದು. ಈ ಉತ್ತರ ತಪ್ಪಲ್ಲ, ಆದರೆ ಅಪೂರ್ಣ. ಪರದೇಶದ ವಿದ್ಯಾಪೀಠವು ವಿದ್ಯಾರ್ಥಿಗೆ ಹೊಸದನ್ನು ಕೊಡುವಂತೆಯೇ, ಅವನಲ್ಲಿ ಮೊದಲೇ ಇದ್ದು ಅವನ ಕಣ್ಣಿಗೆ ಬೀಳದಿದ್ದುದನ್ನೂ ತೋರಿಸಿಕೊಡುತ್ತದೆ. ಅನಂತಮೂರ್ತಿಯವರ ಬರ್ಮಿಂಗ್‌ಹ್ಯಾಮ್ ವರ್ಷಗಳು ಇದಕ್ಕೆ ಸ್ಪಷ್ಟ ನಿದರ್ಶನ.

ಅನಂತಮೂರ್ತಿ ಅಲ್ಲಿ ಕೈಗೊಂಡ ಸಂಶೋಧನೆ 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯವನ್ನು ಕುರಿತದ್ದು. 1966ರಲ್ಲಿ ಅವರಿಗೆ ಡಾಕ್ಟರೇಟ್ ಪದವಿ ದೊರೆಯಿತು. ಓದು, ಚರ್ಚೆ, ಪ್ರಬಂಧಲೇಖನ ಎಲ್ಲವೂ ಇಂಗ್ಲಿಷಿನಲ್ಲಿಯೇ ನಡೆಯುತ್ತಿದ್ದ ಆ ದಿನಗಳಲ್ಲಿ ಕನ್ನಡವನ್ನಾಡುವ ಹಂಬಲ ಅವರನ್ನು ಕಾಡುತ್ತಿತ್ತು. ಅಲ್ಲಿ ಅಧ್ಯಾಪಕರಾಗಿದ್ದ ಕಾದಂಬರಿಕಾರ ಮಾಲ್ಕಂ ಬ್ರಾಡ್‌ಬರಿಯವರೊಡನೆ ಅವರು ಇಂಗ್‌ಮಾರ್ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಚಿತ್ರವನ್ನು ನೋಡಿದ ಪ್ರಸಂಗವನ್ನು ಅನಂತಮೂರ್ತಿಯವರೇ ಹಲವು ಬಾರಿ ನೆನೆದಿದ್ದಾರೆ. ಪ್ಲೇಗಿನಿಂದ ತತ್ತರಿಸಿದ ಮಧ್ಯಯುಗದ ಯುರೋಪಿನ ಕಥೆ ಅದು. ಯುರೋಪಿನವರು ತಮ್ಮ ಮಧ್ಯಯುಗವನ್ನು ಪುಸ್ತಕಗಳಿಂದ ಕಟ್ಟಿಕೊಳ್ಳಬೇಕು, ಭಾರತೀಯ ಲೇಖಕನಿಗಾದರೋ ಹಲವು ಕಾಲಗಳು ಏಕಕಾಲದಲ್ಲಿ ಬದುಕಿನಲ್ಲೇ ಲಭ್ಯ ಎಂಬ ವಿಚಾರ ಆ ಸಂದರ್ಭದ ಮಾತುಕತೆಯಲ್ಲಿ ಮೂಡಿತು. ಇದರ ಫಲವಾಗಿ ಹುಟ್ಟಿದ ‘ಸಂಸ್ಕಾರ’ 1965ರಲ್ಲಿ ಪ್ರಕಟವಾಯಿತು. ತೀರ್ಥಹಳ್ಳಿ ಸೀಮೆಯ ಅಗ್ರಹಾರದ ಬದುಕು ಕೃತಿಯಾದದ್ದು ಹೀಗೆ ಇಂಗ್ಲೆಂಡಿನ ಕೈಗಾರಿಕಾ ನಗರವೊಂದರಲ್ಲಿ.

ಈ ಹಿನ್ನೆಲೆಯಲ್ಲಿ ಕಾದಂಬರಿಯ ಒಂದು ಅಂಶ ವಿಶೇಷ ಗಮನಕ್ಕೆ ಅರ್ಹವಾಗಿದೆ. ಪ್ರಾಣೇಶಾಚಾರ್ಯರೂ ದೂರದೇಶದಲ್ಲಿ ಓದಿ ಬಂದವರೇ. ಅವರ ವಿದ್ಯಾಕ್ಷೇತ್ರ ಕಾಶಿ. ಕಾಶಿಯ ಪಾಂಡಿತ್ಯವೇ ಅಗ್ರಹಾರದಲ್ಲಿ ಅವರ ಅಧಿಕಾರಕ್ಕೆ ಆಧಾರ. ಆದರೆ ನಾರಣಪ್ಪನ ಹೆಣ ಸಂಸ್ಕಾರವಿಲ್ಲದೆ ಬಿದ್ದಿರುವಾಗ ಆ ಪಾಂಡಿತ್ಯಕ್ಕೆ ಉತ್ತರ ಹೊಳೆಯುವುದಿಲ್ಲ. ಗ್ರಂಥಗಳನ್ನು ತಿರುವಿ, ಮಾರುತಿಯ ಗುಡಿಯಲ್ಲಿ ಕಾದು, ಕೊನೆಗೆ ಆಚಾರ್ಯರು ಎದುರಾಗುವುದು ತಮ್ಮನ್ನೇ. ಕಾಶಿಯಲ್ಲಿ ಸಹಪಾಠಿಯಾಗಿದ್ದ ಮಹಾಬಲನ ನೆನಪು ಆಗ ಅವರನ್ನು ಕಾಡುತ್ತದೆ. ಓದನ್ನು ತೊರೆದು ಬೇರೆ ಬದುಕನ್ನು ಹಿಡಿದ ಆ ಪ್ರತಿಭಾವಂತ ಗೆಳೆಯ, ಆಚಾರ್ಯರು ಆಯ್ದುಕೊಳ್ಳದೆ ಹೋದ ದಾರಿಯ ರೂಪವಾಗಿದ್ದಾನೆ. ಕಲಿತ ವಿದ್ಯೆಗೂ ಕಣ್ಣೆದುರಿನ ಬದುಕಿಗೂ ಇರುವ ಅಂತರ ಹೀಗೆ ಕಾದಂಬರಿಯ ಒಳಗೇ ವಸ್ತುವಾಗಿದೆ. ಪರದೇಶದಲ್ಲಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಯೊಬ್ಬನಿಗೆ ಈ ಪ್ರಶ್ನೆ ಕೇವಲ ಕಲ್ಪಿತವಾಗಿರಲಾರದು.

ರಾಮಾನುಜನ್ ಅವರ ಅನುಭವ ಇದೇ ಮಾತನ್ನು ಇನ್ನೊಂದು ದಿಕ್ಕಿನಿಂದ ಸಮರ್ಥಿಸುತ್ತದೆ. ಇಂಡಿಯಾನಾದಲ್ಲಿ ಅವರು ಭಾಷಾವಿಜ್ಞಾನದ ಡಾಕ್ಟರೇಟಿಗಾಗಿ 1963ರಲ್ಲಿ ಸಿದ್ಧಪಡಿಸಿದ ಪ್ರಬಂಧದ ವಸ್ತು ಕನ್ನಡದ ವ್ಯಾಕರಣವೇ. 1962ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ತಮಿಳಿನ ವ್ಯಾಕರಣವನ್ನು ಅರಸುತ್ತಿದ್ದ ಅವರಿಗೆ ಸಂಗಂ ಕವಿತೆಗಳ ಸಂಕಲನ ಸಿಕ್ಕಿತು. ತಮಿಳು ಮನೆಮಾತಾಗಿದ್ದವರಿಗೆ ಅದರ ಪ್ರಾಚೀನ ಕಾವ್ಯ ಎದುರಾದದ್ದು ಷಿಕಾಗೊದಲ್ಲಿ! ಮುಂದೆ 1976ರಲ್ಲಿ ‘ಸಂಸ್ಕಾರ’ವನ್ನು ಇಂಗ್ಲಿಷಿಗೆ ತಂದವರೂ ಅವರೇ ಎಂಬುದು ಸ್ಮರಣೀಯ.

ಆದರೆ ದೂರವು ತಾನಾಗಿಯೇ ದೃಷ್ಟಿಯನ್ನು ಕೊಡುವುದಿಲ್ಲ. ಪರದೇಶಕ್ಕೆ ಹೋದವರೆಲ್ಲ ಬರೆಯಲಿಲ್ಲ, ಬರೆದವರೆಲ್ಲ ಕಾಣಲಿಲ್ಲ. ಮೇಲಾಗಿ, ದೂರದ ನೋಟ ಹತ್ತಿರದವರಿಗೆ ಅನ್ಯಾಯವನ್ನು ಮಾಡೀತು ಎಂಬ ಆತಂಕವೂ ಅಸಹಜವಲ್ಲ. ‘ಸಂಸ್ಕಾರ’ದ ಅಗ್ರಹಾರಚಿತ್ರಣ ಉತ್ಪ್ರೇಕ್ಷಿತವೆಂಬ ಆಕ್ಷೇಪ ಹುಟ್ಟಿದ್ದು ಇಂತಹ ಆತಂಕದಿಂದಲೇ. ಇದಕ್ಕೆ ಕೃತಿಯೊಳಗೇ ಸಮಾಧಾನವಿದೆ: ಪ್ರಾಣೇಶಾಚಾರ್ಯರ ಕುಸಿತವನ್ನು ಲೇಖಕರು ಹೊರಗೆ ನಿಂತು ಅಣಕಿಸುವುದಿಲ್ಲ, ಅವರ ಸಂಕಟದೊಳಕ್ಕೆ ಇಳಿದು ಅನುಭವಿಸುತ್ತಾರೆ. ದೂರ ಒದಗಿಸಿದ್ದು ಪ್ರಶ್ನಿಸುವ ಧೈರ್ಯವನ್ನು. ಆ ಪ್ರಶ್ನೆಗೆ ಜೀವ ತುಂಬಿದ್ದು ಬಾಲ್ಯದ ಒಡನಾಟ. ಇವೆರಡರಲ್ಲಿ ಒಂದಿಲ್ಲದಿದ್ದರೂ ಕೃತಿ ಸೊರಗುತ್ತಿತ್ತು.

ಹೊರನಾಡಿನಲ್ಲಿ ಕನ್ನಡವನ್ನು ಅಭ್ಯಾಸಮಾಡುವವರಿಗೆ ಈ ವಿವೇಚನೆ ಪರಕೀಯವಲ್ಲ. ಮುಂಬಯಿಯಲ್ಲಿ ನೆಲೆಸಿದ ಯಶವಂತ ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯನ್ನು ತಮ್ಮ ಕತೆಗಳಲ್ಲಿ ಮತ್ತೆಮತ್ತೆ ಕಟ್ಟಿದರು. ಸುತ್ತಲೂ ಬೇರೆ ನುಡಿಗಳು ಕೇಳಿಬರುವಲ್ಲಿ ಕನ್ನಡವನ್ನು ಓದುವುದು ಕೊರತೆಯೆಂದೇ ಭಾವಿಸಬೇಕಾಗಿಲ್ಲ. ಒಳಗಿನ ನಂಟನ್ನು ಉಳಿಸಿಕೊಂಡವರಿಗೆ ಅದು ತಮ್ಮ ನುಡಿಯನ್ನು ಹೊಸದಾಗಿ ಕಾಣುವ ಅವಕಾಶವೂ ಹೌದು.