ಕ್ಲ್ಯಾಂಬರ್: ನುಂಗಬಾರದಿದ್ದ ಒಂದು ‘ಬಿ’

ಕಾಲೇಜಿನ ಮೊದಲ ವರ್ಷ, ಇಂಗ್ಲಿಷ್ ತಾಸು. ನಾನು ‘ಕ್ಲೈಂಬ್’ ಎಂದು ಓದಿದೆ. ಕೊನೆಯ ‘ಬಿ’ ಮೌನ, ‘ಕ್ಲೈಮ್’ ಅನ್ನಬೇಕಂತೆ. ತರಗತಿ ನಕ್ಕಿತು. ಹತ್ತನೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವನು ನಾನು. ಅಲ್ಲಿ ಬರೆದದ್ದನ್ನೆಲ್ಲ ಉಚ್ಚರಿಸುತ್ತೇವೆ. ವಾರ ಬಿಟ್ಟು ‘ಕ್ಲ್ಯಾಂಬರ್’ ಬಂತು. ಈ ಸಲ ಜಾಣನಾಗಿ ‘ಬಿ’ ನುಂಗಿ ‘ಕ್ಲ್ಯಾಮರ್’ ಅಂದೆ. ಮತ್ತೆ ನಗು! ಅದು ಗದ್ದಲ ಎಂಬರ್ಥದ ಬೇರೆಯೇ ಶಬ್ದವಂತೆ. ಅರ್ಥ ಕೇಳಿದರು, ‘ಹತ್ತು’ ಅಂದೆ. ಅದೂ ಅರ್ಧ ಸರಿ.

ಸಿಟ್ಟು ಬಂದು ಗ್ರಂಥಾಲಯದಲ್ಲಿ ದೊಡ್ಡ ನಿಘಂಟು ತೆಗೆದು ಕೂತೆ.

ಗೆಳೆಯರೇ, ಹತ್ತುವುದರಲ್ಲೂ ತರಹಗಳುಂಟು. ಕಾಲಿಗೆ ತಳೆ ಹಾಕಿ ಸರಸರನೆ ಅಡಿಕೆ ಮರ ಏರುವವನದು ಕ್ಲ್ಯಾಂಬರ್ ಅಲ್ಲ. ನಮ್ಮ ಸೋದರಮಾವ ರೈಲಿನ ಮೇಲಿನ ಬರ್ತ್ ಏರುವುದನ್ನು ನೋಡಬೇಕು. ಕೈಯಲ್ಲಿ ಸರಪಳಿ, ನಡುವಿನ ಬರ್ತಿನ ಮೇಲೆ ಒಂದು ಮಂಡಿ, ಇನ್ನೊಂದು ಕಾಲು ಗಾಳಿಯಲ್ಲಿ, ಕೆಳಗಿನವರಿಗೆಲ್ಲ ಗಾಬರಿ. ಅದು ಕ್ಲ್ಯಾಂಬರ್! ಕೈಕಾಲು ಎರಡೂ ಬೇಕು, ಒದ್ದಾಟ ಕಾಣಬೇಕು. ಮೇಲೇರುವುದೇ ಆಗಬೇಕೆಂದಿಲ್ಲ; ಗೋಡೆ ದಾಟುವುದಕ್ಕೂ ದೋಣಿಯಿಂದ ಕಷ್ಟಪಟ್ಟು ಇಳಿಯುವುದಕ್ಕೂ ಇದೇ ಶಬ್ದ.

ಇನ್ನು ಹುಟ್ಟು. 1755ರ ತಮ್ಮ ನಿಘಂಟಿನಲ್ಲಿ ಡಾ. ಜಾನ್ಸನ್ ಇದನ್ನು ‘ಕ್ಲೈಂಬ್’ನ ಅಪಭ್ರಂಶವಿರಬೇಕು ಎಂದುಬಿಟ್ಟರು. ಈಗಿನವರ ಊಹೆ ಇನ್ನೂ ಚೆನ್ನಾಗಿದೆ. ಶಬ್ದ 14ನೆಯ ಶತಮಾನದಷ್ಟು ಹಳೆಯದು. ಆಗ ‘ಕ್ಲೈಂಬ್’ ಕ್ರಿಯಾಪದಕ್ಕೆ ‘ಕ್ಲ್ಯಾಂಬ್’ ಎಂಬ ಭೂತಕಾಲದ ರೂಪವಿತ್ತು. ಅದಕ್ಕೆ ‘ಅರ್’ ಪ್ರತ್ಯಯ ಹತ್ತಿಕೊಂಡಿರಬೇಕು. ಈ ‘ಅರ್’, ಕೆಲಸ ಮತ್ತೆ ಮತ್ತೆ ನಡೆಯುತ್ತದೆ ಎಂದು ತೋರಿಸುವಂಥದ್ದು. ‘ಪ್ಯಾಟ್’ ಎಂದರೆ ಒಮ್ಮೆ ತಟ್ಟುವುದು, ‘ಪ್ಯಾಟರ್’ ಎಂದರೆ ಪಟಪಟ ತಟ್ಟುತ್ತಲೇ ಇರುವುದು. ನಮ್ಮ ‘ಆಡು’ವಿನ ಹಾಗೆ: ಓಡು, ಓಡಾಡು, ಹೊರಳು, ಹೊರಳಾಡು. ಮಾವ ಒಂದೇ ಸಲ ಹತ್ತುವುದಿಲ್ಲ ನೋಡಿ, ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತಾರೆ. ಇದನ್ನು ಕನ್ನಡದಲ್ಲಿ ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ‘ಒದ್ದಾಡಿಕೊಂಡು ಹತ್ತು’ ಎಂಬುದೇ ನನಗೆ ಹೊಳೆದದ್ದು.

‘ಬಿ’ಯ ಕಥೆ ಕೇಳಿ. ಹಳೆಯ ಇಂಗ್ಲಿಷಿನಲ್ಲಿ ‘ಕ್ಲೈಂಬ್’ನ ರೂಪ ‘ಕ್ಲಿಂಬನ್’, ಅದರ ‘ಬಿ’ಯನ್ನು ಬಾಯಿ ತುಂಬ ಹೇಳುತ್ತಿದ್ದರು. ಮುಂದೆ ಶಬ್ದದ ಕೊನೆಯಲ್ಲಿ ‘ಎಮ್’ ಆದ ಮೇಲೆ ಬರುವ ‘ಬಿ’ ಸವೆದು ಹೋಯಿತು. ‘ಕ್ಲ್ಯಾಂಬರ್’ನಲ್ಲಿ ಅದರ ಮುಂದೆ ಸ್ವರವಿದ್ದುದರಿಂದ ಉಳಿಯಿತು. ಅಂದರೆ ನನ್ನ ಮೊದಲ ತಪ್ಪು ತಪ್ಪೇ ಅಲ್ಲ, ಕೆಲವು ನೂರು ವರ್ಷ ತಡವಾಗಿತ್ತು ಅಷ್ಟೇ!

ಮರುದಿನ ಇದನ್ನು ಪ್ರಾಧ್ಯಾಪಕರಿಗೆ ಹೇಳಿದೆ. ಪೂರ್ತಿ ಕೇಳಿ, ನಕ್ಕು, ‘ಲ್ಯಾಂಬ್’ ಓದು ಅಂದರು. ‘ಬಿ’ ನುಂಗಿಯೇ ಓದಿದೆ.